ಫೋರ್ಕ್ ಸೋರಿದಾಗ ಸೀಲನ್ನು ದೂರುವ ಮುನ್ನ

ಮಳೆಗಾಲ ಕಳೆದು ಕಾಡುದಾರಿಗಳು ಗಟ್ಟಿಯಾಗುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೌಂಟೇನ್ ಬೈಕಿನ ಮುಂಭಾಗದ ಸಸ್ಪೆನ್ಷನ್ ಫೋರ್ಕಿನ ಬಗೆಗಿನ ದೂರುಗಳು ಒಮ್ಮೆಲೇ ಹೆಚ್ಚುತ್ತವೆ. ಈ ಬಾರಿ ಅವುಗಳನ್ನಷ್ಟೇ ಆರಿಸಿಕೊಂಡು ಉತ್ತರಿಸಿದ್ದೇನೆ. ಪತ್ರ ಬರೆದವರು ಒಂದೇ ಭಾಗವನ್ನು ನಾಲ್ಕಾರು ಹೆಸರುಗಳಿಂದ ಕರೆದಿರುವುದರಿಂದ ಮೊದಲು ಹೆಸರುಗಳನ್ನು ಹೊಂದಿಸಿಕೊಳ್ಳೋಣ. ಹ್ಯಾಂಡಲ್ ಕಡೆಯಿಂದ ಇಳಿದುಬರುವ, ನುಣುಪಾಗಿ ಹೊಳೆಯುವ ಎರಡು ಕೊಳವೆಗಳು ಸ್ಟ್ಯಾಂಚನ್‌ಗಳು. ಚಕ್ರವನ್ನು ಹಿಡಿದುಕೊಂಡು ಅವುಗಳ ಮೇಲೆ ಏರಿಳಿಯುವ ಹೊರಕವಚ ಲೋವರ್. ಇವೆರಡೂ ಕೂಡುವಲ್ಲಿ ಲೋವರಿನ ಬಾಯಿಗೆ ಕೂರಿಸಿರುವ ಕಪ್ಪು ರಬ್ಬರ್ ಬಳೆಯೇ ಎಲ್ಲರೂ ದೂರುವ ಸೀಲ್.

ಪ್ರಶ್ನೆ: ಮೂರು ವರ್ಷದ ಹಿಂದೆ ಕೊಂಡ ನನ್ನ ಸೈಕಲಿನ ಫೋರ್ಕಿನಲ್ಲಿ ಪ್ರತಿ ಸವಾರಿಯ ನಂತರವೂ ಸ್ಟ್ಯಾಂಚನ್ ಮೇಲೆ ಎಣ್ಣೆಯ ತೆಳುವಾದ ಗೆರೆಯೊಂದು ಉಂಗುರದಂತೆ ಕಾಣಿಸುತ್ತದೆ. ಕಾಫಿ ತೋಟದ ದಾರಿಯಲ್ಲಿ ಓಡಿಸಿದ ದಿನ ಅದಕ್ಕೆ ಕೆಂಪು ಮಣ್ಣು ಮೆತ್ತಿಕೊಂಡಿರುತ್ತದೆ. ನಮ್ಮೂರಿನ ಬೈಕ್ ಮೆಕ್ಯಾನಿಕ್ ನೋಡಿ, ಸೀಲ್ ಹೋಗಿದೆ, ಬದಲಾಯಿಸಲೇಬೇಕು ಎಂದರು. ಇದುವರೆಗೆ ಫೋರ್ಕನ್ನು ಬಿಚ್ಚಿಸಿಲ್ಲ. ಏನು ಮಾಡಲಿ? (ಓದುಗರೊಬ್ಬರು, ಮೂಡಿಗೆರೆ)

ಉತ್ತರ: ನೀವು ಬರೆದಿರುವಷ್ಟನ್ನೇ ನೋಡಿ ಹೇಳುವುದಾದರೆ, ಸೀಲ್ ಹೋಗಿರುವ ಸಂಭವ ಕಡಿಮೆ, ಎಣ್ಣೆ ಹಳತಾಗಿರುವುದು ಮಾತ್ರ ಖಂಡಿತ. ಸೀಲಿನ ಕೆಲಸವನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಹೊರಗಿನಿಂದ ಒಂದೇ ಬಳೆಯಂತೆ ಕಾಣುವ ಸೀಲಿಗೆ ಒಳಬದಿಯಲ್ಲಿ ಎರಡು ತುಟಿಗಳಿರುತ್ತವೆ. ಮೇಲಿನ ತುಟಿಯು ಸ್ಟ್ಯಾಂಚನ್ ಮೇಲೆ ಕೂತ ಧೂಳನ್ನೂ ಕೆಸರನ್ನೂ ಒರೆಸಿ ಹೊರಗೇ ಉಳಿಸುತ್ತದೆ. ಕೆಳಗಿನ ತುಟಿಯು ಒಳಗಿನ ಎಣ್ಣೆಯನ್ನು ತಡೆಯುತ್ತದೆ. ಸೀಲಿನ ಕೆಳಗೆ ಎಣ್ಣೆ ಕುಡಿದ ಸ್ಪಂಜಿನ ಉಂಗುರವೊಂದಿದ್ದು, ಅದಕ್ಕೂ ಕೆಳಗೆ ಪ್ರತಿ ಕಾಲಿನಲ್ಲಿ ಎರಡೆರಡು ಬುಶ್‌ಗಳಿರುತ್ತವೆ. ಸ್ಟ್ಯಾಂಚನ್ ಜಾರುವುದು ಈ ಬುಶ್‌ಗಳ ಮೇಲೆ. ಈ ಜಾರುವಿಕೆ ಸರಾಗವಾಗಿರಬೇಕಾದರೆ ಕೊಳವೆಯ ಮೇಲೆ ಎಣ್ಣೆಯ ಅತಿ ತೆಳುವಾದ ಪದರ ಇರಲೇಬೇಕು, ಮತ್ತು ಆ ಪದರದ ಒಂದು ಅಂಶ ತುಟಿಯನ್ನು ದಾಟಿ ಮೇಲೆ ಬಂದೇ ಬರುತ್ತದೆ. ಸ್ಟ್ಯಾಂಚನ್ ಸಂಪೂರ್ಣ ಒಣಗಿದ್ದರೆ ನಾನು ಇನ್ನೂ ಹೆಚ್ಚು ಚಿಂತಿಸುತ್ತಿದ್ದೆ.

ಪರೀಕ್ಷೆ ಸುಲಭವಾಗಿದೆ. ಸ್ಟ್ಯಾಂಚನ್‌ಗಳನ್ನು ಸ್ವಚ್ಛವಾದ ಹತ್ತಿ ಬಟ್ಟೆಯಿಂದ ಒರೆಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಭಾರ ಹಾಕಿ ಹತ್ತು ಸಲ ಒತ್ತಿರಿ. ಬೆರಳಿನಿಂದ ಸವರಿದರಷ್ಟೇ ತಿಳಿಯುವ ಜಿಡ್ಡು ಇದ್ದರೆ ಅದು ಸಹಜ. ಎಣ್ಣೆ ತೊಟ್ಟುಗಟ್ಟಿ ಲೋವರಿನ ಹೊರಮೈ ಮೇಲೆ ಇಳಿದಿದ್ದರೆ, ಅಥವಾ ರಾತ್ರಿ ನಿಲ್ಲಿಸಿದ ಸೈಕಲಿನ ಸೀಲಿನ ಸುತ್ತ ಬೆಳಿಗ್ಗೆ ಎಣ್ಣೆ ಮಡುಗಟ್ಟಿದ್ದರೆ, ಆಗ ಅದು ಸೋರಿಕೆ. ಸೋರಿಕೆಯೆಂದು ಖಚಿತವಾದರೆ ಓಡಿಸುವುದನ್ನು ನಿಲ್ಲಿಸಿ. ಆ ಎಣ್ಣೆ ಬ್ರೇಕ್ ಡಿಸ್ಕಿನ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅವರ ಮಟ್ಟಿಗೆ ತಪ್ಪೇನಿಲ್ಲ. ಮೌಂಟೇನ್ ಬೈಕಿನ ಸಸ್ಪೆನ್ಷನ್ ಫೋರ್ಕ್ ಮೋಟಾರ್ ಸೈಕಲಿನ ವಂಶದ್ದೇ. 1989ರಲ್ಲಿ ಸೈಕಲ್ ಫೋರ್ಕ್ ತಯಾರಿಸುವ ರಾಕ್‌ಶಾಕ್ಸ್ ಸಂಸ್ಥೆಯನ್ನು ಕಟ್ಟಿದ ಪಾಲ್ ಟರ್ನರ್ ಅದಕ್ಕೂ ಮೊದಲು ಮೋಟೊಕ್ರಾಸ್ (ಮಣ್ಣುದಾರಿಯ ಮೋಟಾರ್ ಸೈಕಲ್ ಪಂದ್ಯ) ತಂಡದಲ್ಲಿ ಮೆಕ್ಯಾನಿಕ್ ಆಗಿದ್ದವರು. ಆದರೆ ಸಾಮಾನ್ಯ ಮೋಟಾರ್ ಸೈಕಲ್ ಫೋರ್ಕಿನ ಕಾಲಿನಲ್ಲಿ ನೂರು ಮಿಲಿಲೀಟರಿಗೂ ಮಿಕ್ಕಿ ಎಣ್ಣೆ ತುಂಬಿದ್ದು, ಕುಲುಕಾಟವನ್ನು ತಡೆಯುವುದೂ ಅದೇ, ಕೊಳವೆಯನ್ನು ಜಾರಿಸುವುದೂ ಅದೇ. ಅಲ್ಲಿ ಸೀಲ್ ಸೋರಿದರೆ ಸಸ್ಪೆನ್ಷನ್ನೇ ಹೋದಂತೆ. ಈಗಿನ ಸೈಕಲ್ ಫೋರ್ಕುಗಳಲ್ಲಾದರೋ ಕುಲುಕಾಟ ತಡೆಯುವ ಎಣ್ಣೆ ಡ್ಯಾಂಪರ್ ಎಂಬ ಪ್ರತ್ಯೇಕ ಕೊಳವೆಯಲ್ಲಿ ಬಂದಿಯಾಗಿರುತ್ತದೆ. ಲೋವರಿನಲ್ಲಿರುವುದು ಬುಶ್ ಮತ್ತು ಸ್ಪಂಜುಗಳನ್ನು ನೆನೆಸುವ ಎಣ್ಣೆ ಮಾತ್ರ, ಅದೂ ಮಾದರಿಗೆ ತಕ್ಕಂತೆ ಕಾಲೊಂದಕ್ಕೆ 5ರಿಂದ 40 ಮಿಲಿಲೀಟರ್. ಇಷ್ಟು ಸಣ್ಣ ಪ್ರಮಾಣ ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊರಬಂದು, ಉಳಿದದ್ದು ಮಣ್ಣು ಬೆರೆತು ಕಪ್ಪಾಗಿ ಕೂತಿರುತ್ತದೆ. ಮೊದಲು ಲೋವರ್ ಬಿಚ್ಚಿಸಿ, ತೊಳೆಸಿ, ಎಣ್ಣೆ ಬದಲಿಸಿ. ಅದಾದ ಮೇಲೂ ತೊಟ್ಟಿಕ್ಕಿದರೆ ಸೀಲಿನ ಮಾತು.

ಪ್ರಶ್ನೆ: ಫೋರ್ಕ್ ಬಿಗಿಯಾದಾಗಲೆಲ್ಲ ಸ್ಟ್ಯಾಂಚನ್ ಮೇಲೆ ಡಬ್ಲ್ಯೂಡಿ-40 ಸಿಂಪಡಿಸುತ್ತೇನೆ. ತಕ್ಷಣ ಬೆಣ್ಣೆಯಂತೆ ಜಾರುತ್ತದೆ, ಎರಡು ದಿನದಲ್ಲಿ ಮತ್ತೆ ಬಿಗಿ. ಬೇರೆ ಸ್ಪ್ರೇ ಇದೆಯೇ? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಸ್ಪ್ರೇ ಬದಲಿಸಬೇಡಿ, ಆ ಅಭ್ಯಾಸವನ್ನೇ ಬಿಡಿ. ಅದರಲ್ಲಿರುವ ದ್ರಾವಕವು ತುಟಿಗಳ ನಡುವೆ ತುಂಬಿರುವ ಗ್ರೀಸನ್ನು ಕರಗಿಸಿ ತೊಳೆಯುತ್ತದೆ, ಕೊಳೆಯನ್ನು ನೀರಾಗಿಸಿ ಸ್ಪಂಜಿನೊಳಕ್ಕೆ ಇಳಿಸುತ್ತದೆ. ಮೊದಲೆರಡು ದಿನ ನುಣುಪೆನಿಸುವುದು ಇದ್ದಬದ್ದ ಗ್ರೀಸ್ ಕರಗಿದ್ದರಿಂದ. ಆಮೇಲೆ ಬಿಗಿಯಾಗುವುದು ಅದು ಇಲ್ಲವಾದದ್ದರಿಂದ. ವಾಟರ್ ಸರ್ವಿಸ್ ಅಂಗಡಿಯಲ್ಲಿ ಕಾರು ತೊಳೆಯುವ ಪಂಪಿನಿಂದ ಸೀಲಿನ ಮೇಲೆಯೇ ನೀರು ಹೊಡೆಸುವುದೂ ಇದೇ ಜಾತಿಯ ತಪ್ಪು. ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು.

ಪ್ರಶ್ನೆ: ತಯಾರಕರ ಪುಸ್ತಿಕೆಯಲ್ಲಿ ಪ್ರತಿ 50 ಗಂಟೆಗೊಮ್ಮೆ ಲೋವರ್ ಸರ್ವಿಸ್ ಎಂದೂ 200 ಗಂಟೆಗೊಮ್ಮೆ ಪೂರ್ಣ ಸರ್ವಿಸ್ ಎಂದೂ ಬರೆದಿದೆ. ಸ್ನೇಹಿತರೊಬ್ಬರ ಬೇರೆ ಕಂಪನಿಯ ಫೋರ್ಕಿಗೆ 125 ಗಂಟೆ ಎಂದಿದೆ. ನಾನು ದಿನವೂ ಕಚೇರಿಗೆ ಇದೇ ಸೈಕಲಿನಲ್ಲಿ ಹೋಗುತ್ತೇನೆ. ಈ ಲೆಕ್ಕದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬಿಚ್ಚಿಸಬೇಕಾಗುತ್ತದೆ. ಇದು ಅತಿಯಲ್ಲವೇ? (ಓದುಗರೊಬ್ಬರು, ಮೈಸೂರು)

ಉತ್ತರ: ಪುಸ್ತಿಕೆಯಲ್ಲಿರುವ ಗಂಟೆಗಳನ್ನು ಕಲ್ಲುಮಣ್ಣಿನ ದಾರಿಯ ಗಂಟೆಗಳೆಂದು ಓದಿಕೊಳ್ಳಿ. ಡಾಂಬರು ರಸ್ತೆಯಲ್ಲಿ ಫೋರ್ಕ್ ಅಲುಗಾಡುವುದೇ ಕಡಿಮೆ, ಅದರಲ್ಲೂ ಫೋರ್ಕ್ ಕುಗ್ಗದಂತೆ ಅದರ ಲಾಕ್ ಹಾಕಿಕೊಂಡು ಓಡಿಸುವವರಿಗೆ ಇನ್ನೂ ಕಡಿಮೆ. ಕಚೇರಿಯ ಓಡಾಟಕ್ಕೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದೊಡನೆ ಮಾಡಿಸಿದರೆ ನನ್ನ ದೃಷ್ಟಿಯಲ್ಲಿ ಸಾಲುತ್ತದೆ. ಆದರೆ ಇದೇ ಮಾತನ್ನು ಮಲೆನಾಡಿನವರಿಗೆ ನಾನು ಹೇಳಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ಓಡಿಸುವವರಿಗೆ 50 ಗಂಟೆಯೂ ಹೆಚ್ಚಾಯಿತು. ಗಂಟೆ ಎಣಿಸುವುದು ಬೇಸರವಾದರೆ, ಬಿಚ್ಚಿದಾಗ ಹೊರಬರುವ ಎಣ್ಣೆಯ ಬಣ್ಣ ನೋಡಿ ಮುಂದಿನ ಗಡುವು ಇಟ್ಟುಕೊಳ್ಳಿ. ಎಣ್ಣೆ ಹೆಚ್ಚುಕಡಿಮೆ ಹಾಕಿದ ಬಣ್ಣದಲ್ಲೇ ಬಂದರೆ ಗಡುವನ್ನು ಸ್ವಲ್ಪ ಮುಂದೂಡಬಹುದು, ಡಿಕಾಕ್ಷನ್ನಿನಂತೆ ಬಂದರೆ ತಡವಾಗಿದೆಯೆಂದೇ ಅರ್ಥ.

ಪ್ರಶ್ನೆ: ಅಂಗಡಿಯಲ್ಲಿ ಕೊಟ್ಟರೆ ಸೈಕಲ್ ಎರಡು ವಾರ ಅಲ್ಲೇ ಉಳಿಯುತ್ತದೆ. ಲೋವರ್ ಸರ್ವಿಸನ್ನು ಮನೆಯಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಮಾಡಬಹುದೇ? ನನ್ನ ಬಳಿ ಅಲೆನ್ ಕೀ ಸೆಟ್ ಮತ್ತು ಶಾಕ್ ಪಂಪ್ ಇವೆ. ಫೋರ್ಕ್ ಲೋಹದ ಸ್ಪ್ರಿಂಗಿನದಲ್ಲ, ಒತ್ತಡದ ಗಾಳಿ ತುಂಬುವಂಥದ್ದು. (ಓದುಗರೊಬ್ಬರು, ಬೆಂಗಳೂರು)

ಉತ್ತರ: ಧಾರಾಳವಾಗಿ ಮಾಡಬಹುದು. ಸೀಲನ್ನಾಗಲಿ ಡ್ಯಾಂಪರನ್ನಾಗಲಿ ಮುಟ್ಟದೆ, ಲೋವರನ್ನು ಮಾತ್ರ ಇಳಿಸಿ, ತೊಳೆದು, ಎಣ್ಣೆ ಬದಲಿಸಿ ಏರಿಸುವುದು ಒಂದು ಭಾನುವಾರ ಬೆಳಗಿನ ಕೆಲಸ. ನಿಮ್ಮಲ್ಲಿರುವುದಲ್ಲದೆ ಬೋಲ್ಟಿನ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್, ರಬ್ಬರ್ ಸುತ್ತಿಗೆ, ಔಷಧದಂಗಡಿಯ 10 ಮಿಲಿಲೀಟರ್ ಸಿರಿಂಜ್, ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಸಸ್ಪೆನ್ಷನ್ ಗ್ರೀಸ್, ತಯಾರಕರು ಸೂಚಿಸಿದ ಎಣ್ಣೆ ಮತ್ತು ತಳದ ಬೋಲ್ಟಿನ ಹೊಸ ವಾಷರುಗಳು ಬೇಕು. ಎಣ್ಣೆಯ ಅಳತೆ ಮಾದರಿಯಿಂದ ಮಾದರಿಗೆ, ಎಡಗಾಲಿನಿಂದ ಬಲಗಾಲಿಗೂ ಬದಲಾಗುವುದರಿಂದ ಫೋರ್ಕಿನ ಮೇಲೆ ಮುದ್ರಿಸಿರುವ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹುಡುಕಿ ಅಳತೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸ್ನೇಹಿತರ ಫೋರ್ಕಿನ ಅಳತೆ ನಿಮ್ಮದಕ್ಕೆ ಆಗುವುದಿಲ್ಲ.

ಚಕ್ರವನ್ನು ತೆಗೆದು ಬೇರೆ ಕೋಣೆಯಲ್ಲಿಡಿ, ಬ್ರೇಕ್ ಕ್ಯಾಲಿಪರನ್ನೂ ಬಿಚ್ಚಿ ದೂರಕ್ಕೆ ಕಟ್ಟಿ. ನಾನು ಮೊದಲ ಸಲ ಈ ಕೆಲಸಕ್ಕೆ ಕೂತಾಗ ಚಕ್ರವನ್ನು ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದೆ. ಎಲ್ಲಿಂದಲೋ ಸಿಡಿದ ನಾಲ್ಕು ಹನಿ ಡಿಸ್ಕಿನ ಮೇಲೆ ಬಿದ್ದದ್ದು ಗೊತ್ತಾದದ್ದು ಮರುದಿನ ಇಳಿಜಾರಿನಲ್ಲಿ. ಬ್ರೇಕ್ ಪ್ಯಾಡುಗಳನ್ನು ಎಸೆಯಬೇಕಾಯಿತು.

ಗಾಳಿಯ ಒತ್ತಡ ಎಷ್ಟಿತ್ತೆಂದು ಬರೆದುಕೊಂಡು, ಸಾಮಾನ್ಯವಾಗಿ ಎಡಗಾಲಿನ ಮೇಲ್ತುದಿಯಲ್ಲಿರುವ ವಾಲ್ವಿನ ಪಿನ್ ಒತ್ತಿ ಗಾಳಿಯನ್ನೆಲ್ಲ ಬಿಡಿ. ಫೋರ್ಕನ್ನು ಒತ್ತಿ ಬಿಟ್ಟು ಮತ್ತೆ ಪಿನ್ ಒತ್ತಿ. ಈ ಒಂದು ಹೆಜ್ಜೆಯನ್ನು ಮರೆತರೆ ಬೋಲ್ಟ್ ಬಿಚ್ಚುವಾಗ ಲೋವರ್ ರಭಸದಿಂದ ಹಾರಿ ಕೈಗೋ ಮುಖಕ್ಕೋ ಬಡಿಯಬಹುದು. ಬಲಗಾಲಿನ ತಳದಲ್ಲಿರುವ, ಕುಗ್ಗಿದ ಫೋರ್ಕ್ ಮರಳಿ ಏಳುವ ವೇಗವನ್ನು ಹೊಂದಿಸುವ ರಿಬೌಂಡ್ ಗುಬಟನ್ನು, ಎಷ್ಟು ಕ್ಲಿಕ್ಕಿನಲ್ಲಿತ್ತೆಂದು ಎಣಿಸಿಟ್ಟುಕೊಂಡು, ತೆಗೆಯಿರಿ. ತಳದ ಎರಡೂ ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಪೂರ್ತಿ ತೆಗೆಯದೆ, ಅವುಗಳ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ತಟ್ಟಿ. ಒಳಗಿನ ದಂಡವು ಲೋವರಿನ ತಳಕ್ಕೆ ಕಚ್ಚಿಕೊಂಡಿರುತ್ತದೆ. ತಟ್ಟಿದಾಗ ‘ಟಕ್’ ಎಂದು ಬಿಡುತ್ತದೆ. ಆಮೇಲೆ ಕೆಳಗೊಂದು ಅಗಲ ಪಾತ್ರೆಯಿಟ್ಟು ಬೋಲ್ಟ್ ತೆಗೆದು ಲೋವರನ್ನು ನೇರವಾಗಿ ಎಳೆಯಿರಿ.

ಇಲ್ಲಿ ಅವಸರ ಮಾಡದೆ ಪಾತ್ರೆಗೆ ಬಿದ್ದದ್ದನ್ನು ನೋಡಿ. ಬುಶ್ ಮತ್ತು ಸೀಲುಗಳ ಸ್ಥಿತಿಯನ್ನು ಅಂದಾಜಿಸಲು ಇದಕ್ಕಿಂತ ಒಳ್ಳೆಯ ಕುರುಹು ಸಿಗುವುದಿಲ್ಲ. ಹಾಕಿದ್ದಕ್ಕಿಂತ ಕಡಿಮೆ ಬಂದರೆ ಆಶ್ಚರ್ಯವಿಲ್ಲ. ಹಾಕಿದ್ದಕ್ಕಿಂತ ಎರಡು ಮೂರು ಪಟ್ಟು ಬಂದರೆ ಡ್ಯಾಂಪರಿನ ಎಣ್ಣೆ ಲೋವರಿಗೆ ಸೋರುತ್ತಿದೆಯೆಂದು ತಿಳಿದು ಅಂಗಡಿಗೆ ಒಯ್ಯಿರಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಬೂದುಬಣ್ಣದಲ್ಲಿ ಮಿನುಗುವ ಕಣಗಳಿದ್ದರೆ ಎಲ್ಲೋ ಲೋಹ ಸವೆಯುತ್ತಿದೆ, ಸ್ಟ್ಯಾಂಚನ್‌ಗಳ ಹಿಂಬದಿಯನ್ನೂ ಮುಂಬದಿಯನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ.

ಲೋವರಿನ ಒಳಗನ್ನು ಉದ್ದ ಮರದ ಕೋಲಿಗೆ ಸುತ್ತಿದ, ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ, ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ. ಸೀಲಿನ ಕೆಳಗಿರುವ ಸ್ಪಂಜಿನ ಉಂಗುರವನ್ನು ಬೆರಳಿನಿಂದಲೋ ಪ್ಲಾಸ್ಟಿಕ್ ಕಡ್ಡಿಯಿಂದಲೋ ಮೆಲ್ಲಗೆ ತೆಗೆದು, ಆಲ್ಕೊಹಾಲಿನಲ್ಲಿ ಹಿಂಡಿ ತೊಳೆದು, ಒಣಗಿಸಿ, ಹೊಸ ಎಣ್ಣೆಯಲ್ಲಿ ನೆನೆಸಿ, ಇದ್ದ ಜಾಗದಲ್ಲೇ ಮಡಿಕೆ ಬೀಳದಂತೆ ಕೂರಿಸಿ. ಸೀಲಿನ ಎರಡು ತುಟಿಗಳ ನಡುವೆ ತೆಳುವಾಗಿ ಸಸ್ಪೆನ್ಷನ್ ಗ್ರೀಸ್ ಸವರಿ. ಲಾರಿ ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸ್ ಇಲ್ಲಿ ಬೇಡ. ಲೋವರನ್ನು ಏರಿಸುವಾಗ ಎರಡೂ ಸೀಲುಗಳು ಒಟ್ಟಿಗೆ ಸ್ಟ್ಯಾಂಚನ್ ಮೇಲೆ ಹತ್ತಬೇಕು, ತುಟಿ ಒಳಮಡಿಚಬಾರದು. ಸ್ವಲ್ಪ ಅಲುಗಿಸುತ್ತ ಹತ್ತಿಸಿ. ಅರ್ಧ ಏರಿದ ಮೇಲೆ ಫೋರ್ಕನ್ನು ಓರೆಯಾಗಿಸಿ, ತಳದ ರಂಧ್ರಗಳ ಮೂಲಕ ಸಿರಿಂಜಿನಿಂದ ಅಳತೆಯ ಎಣ್ಣೆ ಹಾಕಿ, ಲೋವರನ್ನು ಕೊನೆಯವರೆಗೆ ತಳ್ಳಿ, ಹೊಸ ವಾಷರಿನೊಂದಿಗೆ ಬೋಲ್ಟ್ ಹಾಕಿ. ಹಲವು ಮಾದರಿಗಳಲ್ಲಿ ಈ ಬೋಲ್ಟುಗಳ ಬಿಗಿತ 7 ನ್ಯೂಟನ್ ಮೀಟರಿನ ಆಸುಪಾಸು ಮಾತ್ರ. ಲೋವರ್ ಎರಕದ ಮೆಗ್ನೀಸಿಯಂ ಲೋಹದ್ದು. ಬಲ ಪ್ರದರ್ಶನಕ್ಕೆ ಅದು ತಕ್ಕ ಜಾಗವಲ್ಲ.

ಗಾಳಿಯನ್ನು ಒಂದೇ ಉಸಿರಿಗೆ ತುಂಬಬೇಡಿ. ಗಾಳಿ ಫೋರ್ಕಿನಲ್ಲಿ ಎರಡು ಕೋಣೆಗಳಿದ್ದು, ಸ್ವಲ್ಪ ತುಂಬಿ, ಹತ್ತು ಸಲ ನಿಧಾನವಾಗಿ ಒತ್ತಿ, ಮತ್ತೆ ತುಂಬಿದರೆ ಎರಡರಲ್ಲೂ ಒತ್ತಡ ಸಮನಾಗುತ್ತದೆ. ಒತ್ತಿದ ಮೇಲೆ ಮಾಪಕದ ಮುಳ್ಳು ಇಳಿಯುವುದನ್ನು ಕಂಡು, ಗಾಳಿ ಸೋರುತ್ತಿದೆಯೆಂದು ಗಾಬರಿಯಾಗಿ ಪತ್ರ ಬರೆದವರು ಈ ಸಲವೂ ಇಬ್ಬರಿದ್ದಾರೆ. ಅವರಿಗೂ ಇದೇ ಉತ್ತರ.

ಪ್ರಶ್ನೆ: ಒಂದೇ ವರ್ಷದಲ್ಲಿ ಎರಡು ಸಲ ಸೀಲ್ ಬದಲಾಯಿಸಿದ್ದೇನೆ, ಎರಡು ಸಲವೂ ಅಸಲಿ ಸೀಲನ್ನೇ ಹಾಕಿಸಿದೆ. ಆದರೂ ಒಂದು ತಿಂಗಳು ಕಳೆಯುವುದರೊಳಗೆ ಎಡಗಾಲಿನಿಂದ ಎಣ್ಣೆ ಇಳಿಯುತ್ತದೆ. ಬಲಗಾಲು ಚೆನ್ನಾಗಿಯೇ ಇದೆ. ಸೀಲೇ ಕಳಪೆಯೋ, ನನ್ನ ಹಣೆಬರಹವೋ ತಿಳಿಯದಾಗಿದೆ. (ಓದುಗರೊಬ್ಬರು, ಧಾರವಾಡ)

ಉತ್ತರ: ಒಂದೇ ಕಾಲು ಪದೇ ಪದೇ ಸೋರುತ್ತಿದ್ದರೆ ಸೀಲಿನ ಸುತ್ತಮುತ್ತ ನೋಡಬೇಕು. ಸಂಶಯಿಸಬೇಕಾದ ಮೊದಲ ಜಾಗ ಸ್ಟ್ಯಾಂಚನ್. ಅದನ್ನು ಒರೆಸಿ, ಹತ್ತಿಯ ಉಂಡೆಯೊಂದನ್ನು ಅದರ ಸುತ್ತಲೂ ಮೇಲೆ ಕೆಳಗೆ ಎಳೆಯಿರಿ. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲೊಂದು ಗೀರಿದೆ. ಉಗುರನ್ನು ಅಡ್ಡಲಾಗಿ ಸವರಿದಾಗ ತಡೆದರೆ ಗೀರು ಆಳವಾಗಿದೆಯೆಂದು ಲೆಕ್ಕ. ಸೈಕಲನ್ನು ಕಲ್ಲಿಗೆ ಒರಗಿಸಿದಾಗ, ಕಾರಿನ ಹಿಂದೆ ಕಟ್ಟಿ ಒಯ್ಯುವಾಗ ಇಂಥ ಗೀರುಗಳು ಬೀಳುತ್ತವೆ. ಹೊಸ ಸೀಲಿನ ತುಟಿಯು ಪ್ರತಿ ಏರಿಳಿತದಲ್ಲೂ ಈ ಗೀರಿನ ಅಂಚಿಗೆ ತಾಗಿ ಹರಿಯುತ್ತದೆ. ಎಷ್ಟು ಸೀಲ್ ಬದಲಿಸಿದರೂ ಅಷ್ಟೇ. ಉಬ್ಬಿದ ಅಂಚನ್ನು 2000 ಗ್ರಿಟ್ಟಿನ ಎಮರಿ ಪೇಪರನ್ನು ನೆನೆಸಿ, ಆ ಜಾಗದಲ್ಲಷ್ಟೇ, ಹಗುರಾಗಿ ಉಜ್ಜಿ ತಗ್ಗಿಸಿ, ಹಳ್ಳವನ್ನು ಬಣ್ಣವಿಲ್ಲದ ನೇಲ್ ಪಾಲಿಶ್ ಅಥವಾ ಎಪಾಕ್ಸಿಯಿಂದ ತುಂಬಿ, ಒಣಗಿದ ಮೇಲೆ ಮತ್ತೆ ಸಮ ಮಾಡುವ ಪದ್ಧತಿಯಿದೆ. ನೋಡಲು ಮನೆಮದ್ದಿನಂತಿದ್ದರೂ ಸಣ್ಣ ಗೀರಿಗೆ ಇದು ಚೆನ್ನಾಗಿ ಒದಗುತ್ತದೆ. ಅಗಲವಾಗಿ ಪದರವೇ ಎದ್ದು ಕೆಳಗಿನ ಬಿಳಿಯ ಅಲ್ಯುಮಿನಿಯಂ ಕಂಡರೆ ಮಾತ್ರ ಸ್ಟ್ಯಾಂಚನ್‌ಗಳಿರುವ ಮೇಲ್ಭಾಗವನ್ನೇ ಬದಲಿಸಬೇಕು, ಅದು ದುಬಾರಿ.

ಎರಡನೆಯದು, ನಿಮ್ಮದು ಎಡಗಾಲು ಎಂಬ ಸಂಗತಿ. ಬಹುತೇಕ ಗಾಳಿ ಫೋರ್ಕುಗಳಲ್ಲಿ ಏರ್ ಸ್ಪ್ರಿಂಗ್, ಅಂದರೆ ಸ್ಪ್ರಿಂಗಿನ ಕೆಲಸ ಮಾಡುವ ಗಾಳಿಯ ಭಾಗ, ಇರುವುದು ಎಡಗಾಲಿನಲ್ಲಿ. ಅದರ ತಳದ ಸೀಲು ಸವೆದರೆ ಒತ್ತಡದ ಗಾಳಿಯು ಮೆಲ್ಲಮೆಲ್ಲನೆ ಲೋವರಿನೊಳಕ್ಕೆ ಇಳಿದು, ಅಲ್ಲಿ ಸೇರಿ, ಹೋಗಲು ಬೇರೆ ದಾರಿಯಿಲ್ಲದೆ ಸೀಲಿನ ತುಟಿಯನ್ನು ಎತ್ತಿಕೊಂಡು ಎಣ್ಣೆಯೊಡನೆ ಹೊರಬೀಳುತ್ತದೆ. ಹೀಗಾದಾಗ ಕಣ್ಣಿಗೆ ಕಾಣುವುದು ಹೊರಗಿನ ಸೀಲು ಸೋರುವುದು, ದೋಷವಿರುವುದು ಒಳಗೆ. ನಿಮ್ಮ ಫೋರ್ಕಿನಲ್ಲಿ ವಾರ ವಾರವೂ ಒತ್ತಡ ಕಡಿಮೆಯಾಗುತ್ತಿದೆಯೇ, ಪೂರ್ಣ ಒತ್ತಿದಾಗ ಕೊನೆಯ ಒಂದೆರಡು ಅಂಗುಲ ಅಸಾಧ್ಯ ಬಿಗಿಯೆನಿಸುತ್ತದೆಯೇ ಎಂದು ಗಮನಿಸಿ. ಎರಡಕ್ಕೂ ಹೌದೆಂಬ ಉತ್ತರವಿದ್ದರೆ ಏರ್ ಸ್ಪ್ರಿಂಗಿನ ಸೀಲ್ ಕಿಟ್ ಹಾಕಿಸಿ. ಪತ್ರದಲ್ಲಿ ಇಷ್ಟು ವಿವರವಿಲ್ಲದಿದ್ದರೂ ನನ್ನ ಮನಸ್ಸು ಇದರ ಕಡೆಗೇ ವಾಲುತ್ತದೆ.

ಇನ್ನು ಕೂರಿಸುವ ಕ್ರಮ. ಹಳೆಯ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದಿದ್ದರೆ ಲೋವರಿನ ಬಾಯಿಯ ಒಳಗೋಡೆಗೆ ಗಾಯವಾಗಿರಬಹುದು, ಆಗ ಎಣ್ಣೆ ಸೀಲಿನ ಹೊರಸುತ್ತಿನಿಂದಲೇ ಏರಿಬರುತ್ತದೆ. ಅಗಲ ಬಾಯಿಯ ಸ್ಪ್ಯಾನರನ್ನು ಸೀಲಿನಡಿಗೆ ತೂರಿಸಿ, ಅದು ಊರುವಲ್ಲಿ ಬಟ್ಟೆಯ ಮಡಿಕೆಯಿಟ್ಟು ಎತ್ತುವುದು ಕ್ಷೇಮ. ಹೊಸದನ್ನು ಕೂರಿಸಲು ಸ್ಟ್ಯಾಂಚನ್ನಿನ ಅಳತೆಗೆ ತಕ್ಕ ಸೀಲ್ ಡ್ರೈವರ್ ಸಿಗುತ್ತದೆ; ಇಲ್ಲದವರು ಸರಿಯಾದ ವ್ಯಾಸದ ಪಿವಿಸಿ ಪೈಪಿನ ತುಂಡನ್ನು ಬಳಸುತ್ತಾರೆ. ಯಾವುದಾದರೂ ಸರಿ, ಸುತ್ತಲೂ ಸಮನಾಗಿ ಇಳಿಯಬೇಕು, ಒಂದು ಬದಿ ಎತ್ತರವಾಗಿ ಉಳಿಯಬಾರದು. ಹಲವು ಸೀಲುಗಳ ಮೇಲಿನ ತುಟಿಯ ಸುತ್ತ ಕೂದಲಿನಷ್ಟು ತೆಳುವಾದ ಸುರುಳಿ ತಂತಿಯ ಬಳೆಯಿರುತ್ತದೆ. ಕೂರಿಸುವ ಗಡಿಬಿಡಿಯಲ್ಲಿ ಅದು ಜಾರಿ ಬಿದ್ದು, ನೆಲ ಗುಡಿಸಿದಾಗ ಕಸದೊಂದಿಗೆ ಹೋದ ಪ್ರಸಂಗಗಳೂ ಉಂಟು. ಆ ಬಳೆಯಿಲ್ಲದೆ ತುಟಿ ಕೊಳವೆಯನ್ನು ಬಿಗಿಯಾಗಿ ಅಪ್ಪುವುದಿಲ್ಲ.

ಬುಶ್ ಸವೆದಿದ್ದರೂ ಸೀಲ್ ಬಾಳುವುದಿಲ್ಲ, ಏಕೆಂದರೆ ಕೊಳವೆ ಒಳಗೆ ಓಲಾಡಿದಂತೆ ತುಟಿಯ ಒಂದು ಬದಿ ಬಿಟ್ಟು ಬಿಟ್ಟು ಹಿಡಿಯುತ್ತದೆ. ಸೀಲೂ ಸ್ಟ್ಯಾಂಚನ್ನೂ ಕೂಡುವಲ್ಲಿ ಬೆರಳಿಟ್ಟು, ಚಕ್ರವನ್ನು ಅಡ್ಡಕ್ಕೆ ತಿರುಗಿಸಿ ಸೈಕಲನ್ನು ಹಿಂದೆ ಮುಂದೆ ಅಲುಗಿಸಿದರೆ ಆ ಓಲಾಟ ಬೆರಳಿಗೆ ತಿಳಿಯುತ್ತದೆ. ಬ್ರೇಕ್ ಹಿಡಿದು ಪರೀಕ್ಷಿಸಿದರೆ ಪ್ಯಾಡುಗಳ ಅಲುಗಾಟವೂ ಸೇರಿಕೊಂಡು ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಹನ್ನೆರಡು ಸಾವಿರ ರೂಪಾಯಿಯ ಸೈಕಲಿನ ಸ್ಪ್ರಿಂಗ್ ಫೋರ್ಕಿನ ಕೊಳವೆಗಳಿಗೆ ತುಕ್ಕು ಹಿಡಿದಿದೆ. ಇದಕ್ಕೆ ಒಳ್ಳೆಯ ಸೀಲ್ ಹಾಕಿಸಬಹುದೇ? (ಓದುಗರೊಬ್ಬರು, ಕುಂದಾಪುರ)

ಉತ್ತರ: ಹಾಕಿಸಬೇಡಿ. ನಿಮ್ಮದು ಕ್ರೋಮ್ ಲೇಪಿಸಿದ ಉಕ್ಕಿನ ಕೊಳವೆ, ಒಳಗಿರುವುದು ಎಣ್ಣೆಯಲ್ಲ ಗ್ರೀಸ್. ಅಲ್ಯುಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಮೇಲ್ಮೈ ತುಕ್ಕು ಹೋಗುತ್ತದೆ. ಬಳಿಕ ಕೆಳಗಿನ ಬೋಲ್ಟ್ ಬಿಚ್ಚಿ, ಹಳೆಯ ಗ್ರೀಸ್ ಒರೆಸಿ ಹೊಸದನ್ನು ಹಾಕಿಸಿ. ಕಡಲ ತೀರದ ಉಪ್ಪುಗಾಳಿಯಲ್ಲಿ ವಾರಕ್ಕೊಮ್ಮೆ ಎಣ್ಣೆಬಟ್ಟೆಯಿಂದ ಒರೆಸುವುದೊಂದೇ ಕಾಪು. ಕ್ರೋಮ್ ಕಿತ್ತು ಗುಳಿಗಳು ಬಿದ್ದಿದ್ದರೆ ಇನ್ನು ಖರ್ಚು ಮಾಡುವುದು ವ್ಯರ್ಥ, ಆ ಹಣಕ್ಕೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್ ಹಾಕಿಸಿಕೊಂಡರೆ ಸೈಕಲ್ ಹಗುರವೂ ಆಗುತ್ತದೆ.

ಪ್ರಶ್ನೆ: ಸೈಕಲನ್ನು ಮಂಗಳೂರಿನಲ್ಲಿ ಸರ್ವಿಸ್ ಮಾಡಿಸಿ ಲೇಹ್‌ಗೆ ಒಯ್ದಿದ್ದೆ. ಅಲ್ಲಿ ಫೋರ್ಕ್ ಮರದಂತಾಯಿತು. ಒಂದು ಸೀಲಿನಿಂದ ಎಣ್ಣೆಯೂ ಇಣುಕಿತು. ಊರಿಗೆ ಮರಳಿದ ಮೇಲೆ ಏನೂ ಆಗದಂತೆ ಸರಿಹೋಯಿತು. ಚಳಿಯಿಂದಾಗಿ ಹೀಗಾಯಿತೇ? (ಓದುಗರೊಬ್ಬರು, ಮಂಗಳೂರು)

ಉತ್ತರ: ಚಳಿಗೆ ಎಣ್ಣೆ ಸ್ವಲ್ಪ ದಪ್ಪವಾಗುವುದು ನಿಜವಾದರೂ ಮುಖ್ಯ ಕಾರಣ ಎತ್ತರ. ಲೋವರನ್ನು ಮುಚ್ಚಿದ ದಿನ ಅದರೊಳಗೆ ಸಿಕ್ಕಿಕೊಂಡದ್ದು ಸಮುದ್ರಮಟ್ಟದ ಗಾಳಿ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಹೊರಗಿನ ಗಾಳಿಯ ಒತ್ತಡ ಅದಕ್ಕಿಂತ ಹೆಚ್ಚುಕಡಿಮೆ 5 ಪಿಎಸ್‌ಐ ಕಡಿಮೆ. ಐದು ಪಿಎಸ್‌ಐ ಎಂದರೆ ಏನು ಮಹಾ ಎನ್ನಿಸಬಹುದು. ಆದರೆ 35 ಮಿಲಿಮೀಟರ್ ವ್ಯಾಸದ ಎರಡು ಕೊಳವೆಗಳ ಅಡ್ಡಳತೆಯ ಮೇಲೆ ಅದನ್ನು ಲೆಕ್ಕ ಹಾಕಿದರೆ ಸುಮಾರು ಏಳು ಕಿಲೋ ತೂಕದಷ್ಟು ಬಲ ಫೋರ್ಕನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತದೆ, ಫೋರ್ಕ್ ಕುಗ್ಗಿದಂತೆ ಒಳಗಿನ ಜಾಗ ಕಿರಿದಾಗಿ ಬಲ ಇನ್ನೂ ಹೆಚ್ಚುತ್ತದೆ. ಧಾರವಾಡದ ಓದುಗರಿಗೆ ಹೇಳಿದಂತೆ, ಒಳಗಿನ ಒತ್ತಡಕ್ಕೆ ಎಣ್ಣೆಯೂ ತುಟಿ ದಾಟಿ ಬರುತ್ತದೆ. ನಿಮ್ಮ ಸೀಲ್ ಆರೋಗ್ಯವಾಗಿದೆ.

ಫಾಕ್ಸ್ ಸಂಸ್ಥೆಯ 36 ಮತ್ತು 38ರಂಥ ಹೊಸ ಮಾದರಿಗಳಲ್ಲಿ ಲೋವರಿನ ಹಿಂಬದಿಯಲ್ಲಿ ಒತ್ತಿದರೆ ಗಾಳಿ ಬಿಡುವ ಸಣ್ಣ ಗುಂಡಿಗಳನ್ನು ಕೊಟ್ಟಿರುವುದು ಇದಕ್ಕಾಗಿಯೇ. ಅವಿಲ್ಲದ ಫೋರ್ಕಿನವರು ಕಟ್ಟಲು ಬಳಸುವ ತೆಳುವಾದ ಪ್ಲಾಸ್ಟಿಕ್ ಟ್ಯಾಗಿನ ತುದಿಯನ್ನು ಉರುಟಾಗಿಸಿ, ಗ್ರೀಸ್ ಹಚ್ಚಿ ಸೀಲಿನ ತುಟಿಯಡಿ ತೂರಿಸಿ ಗಾಳಿ ಬಿಡುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಹೊರಗಿನ ಮರಳಿನ ಕಣವೊಂದು ಟ್ಯಾಗಿನ ಜೊತೆ ಒಳಹೋದರೆ ಇಲ್ಲದ ಸೋರಿಕೆಯನ್ನು ನಾವೇ ತಂದುಕೊಂಡಂತೆ. ಮಾಡಲೇಬೇಕಾದರೆ ಸೀಲಿನ ಸುತ್ತ ಚೆನ್ನಾಗಿ ಒರೆಸಿದ ಮೇಲೆ ಮಾಡಿ. ಲೇಹ್‌ನಲ್ಲಿ ಗಾಳಿ ಬಿಟ್ಟವರು ಊರಿಗೆ ಇಳಿದ ಮೇಲೆ ಮತ್ತೊಮ್ಮೆ ಬಿಡಬೇಕು, ಇಲ್ಲವಾದರೆ ಫೋರ್ಕ್ ಸ್ವಲ್ಪ ಕುಗ್ಗಿಯೇ ಕೂತಿರುತ್ತದೆ.

ಪ್ರಶ್ನೆ: ಸವಾರಿಯ ಹಿಂದಿನ ರಾತ್ರಿ ಸೈಕಲನ್ನು ತಲೆಕೆಳಗಾಗಿಸಿ ಇಟ್ಟರೆ ಸೀಲಿಗೆ ಒಳ್ಳೆಯದೆಂದು ಕೇಳಿದ್ದೇನೆ. ಇದರಲ್ಲಿ ಹುರುಳಿದೆಯೇ? (ಓದುಗರೊಬ್ಬರು, ಶಿರಸಿ)

ಉತ್ತರ: ಇದೆ. ವಾರಗಟ್ಟಲೆ ನಿಂತ ಸೈಕಲಿನಲ್ಲಿ ಎಣ್ಣೆಯೆಲ್ಲ ತಳಕ್ಕಿಳಿದು ಸ್ಪಂಜಿನ ಉಂಗುರಗಳು ಒಣಗಿರುತ್ತವೆ. ತಲೆಕೆಳಗಾಗಿಸಿದರೆ ಅವು ಮತ್ತೆ ನೆನೆಯುತ್ತವೆ. ಇಡೀ ರಾತ್ರಿ ಬೇಕಾಗಿಲ್ಲ, ಹತ್ತು ಹದಿನೈದು ನಿಮಿಷ ಸಾಕು. ನಿಮ್ಮದು ಹೈಡ್ರಾಲಿಕ್ ಬ್ರೇಕ್ ಆಗಿದ್ದು ಅದರ ಎಣ್ಣೆಯಲ್ಲಿ ಗಾಳಿಗುಳ್ಳೆಗಳಿದ್ದರೆ ಅವು ತಲೆಕೆಳಗಾದಾಗ ಕೊಳವೆಯೊಳಕ್ಕೆ ಸೇರಿ ಬ್ರೇಕ್ ಸಡಿಲವಾಗಬಹುದು. ಆದ್ದರಿಂದ ಸೈಕಲನ್ನು ನೆಟ್ಟಗೆ ನಿಲ್ಲಿಸಿದ ಮೇಲೆ ಎರಡೂ ಬ್ರೇಕುಗಳನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗಿ ಹಿಡಿಯುತ್ತಿವೆಯೆಂದು ನೋಡಿಕೊಂಡೇ ಹೊರಡಿ.